ತೆಂಗುಸೀಮೆಯ ಗ್ಯಾರೇಜು ಮತ್ತು ಇಂಗ್ಲಿಷ್ ಕಾರಿನ ರಿಪೇರಿ ಪುಸ್ತಕ

ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ ಹೆಸರಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು ಹುಟ್ಟಿದ್ದು ಸಂಸಾರಸ್ಥರ ಸಾದಾ ಕಾರುಗಳ ಬಿಡಿಭಾಗಗಳಿಂದ. ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಿನಲ್ಲಿ ಮೋರಿಸ್ ಕಾರುಗಳ ಚಾಸಿಗೆ ಹಗುರವಾದ ಬಾಡಿ ಕೂರಿಸಿ ಮಾರತೊಡಗಿದ. ಎಂಜಿ ಎಂಬ ಎರಡಕ್ಷರ ಆ ಗ್ಯಾರೇಜಿನ ಹೆಸರಿನದೇ. 1955ರ ಎಂಜಿಎ ಕಾರಿನ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಜಿನ್ನು, ಅಂದರೆ ಆ ಕಂಪನಿಯ ಸಾಮಾನ್ಯ ಕಾರುಗಳಿಗೂ ಹಾಕುತ್ತಿದ್ದುದು. 1958ರ ಆಸ್ಟಿನ್-ಹೀಲಿ ಸ್ಪ್ರೈಟ್ ಪುಟ್ಟ ಆಸ್ಟಿನ್ ಕಾರಿನ ಎಂಜಿನ್ನನ್ನೂ ಮೋರಿಸ್ ಮೈನರಿನ ಸ್ಟೀರಿಂಗನ್ನೂ ಪಡೆಯಿತು. 1962ರ ಟ್ರಯಂಫ್ ಸ್ಪಿಟ್‌ಫೈರ್ ನಿಂತದ್ದು ಟ್ರಯಂಫ್ ಹೆರಾಲ್ಡಿನ ಚಾಸಿಯನ್ನು ಮೊಟಕುಮಾಡಿ. ಇಂಥ ಕಾರಿಗೆ ರಿಪೇರಿ ಪುಸ್ತಕ ಆರಿಸುವವರು ಮೊದಲು ಈ ವಂಶಾವಳಿಯನ್ನು ತಿಳಿಯಬೇಕು. ಕರ್ನಾಟಕದಲ್ಲಂತೂ ಅದರ ಅಗತ್ಯ ಹೆಚ್ಚು, ಏಕೆಂದರೆ ಸ್ಪೋರ್ಟ್ಸ್ ಕಾರುಗಳು ಇಲ್ಲಿ ವಿರಳವಾಗಿದ್ದರೂ ಅವುಗಳ ದಾಯಾದಿಗಳು ತಾಲ್ಲೂಕು ಕೇಂದ್ರಗಳ ಟ್ಯಾಕ್ಸಿ ಸ್ಟ್ಯಾಂಡಿನವರೆಗೂ ಬಂದಿದ್ದವು.

ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಎಂಜಿ ಕಾರುಗಳು ಮದ್ರಾಸು, ಬೊಂಬಾಯಿ, ಬೆಂಗಳೂರು ದಂಡುಪ್ರದೇಶಗಳಲ್ಲಿ ಕಾಣುತ್ತಿದ್ದವು. 1950ರ ದಶಕದಲ್ಲಿ ಆಮದಿನ ಮೇಲೆ ಬಿಗಿ ಬಿದ್ದಿತು. ಇಲ್ಲಿಯೇ ಹಂತಹಂತವಾಗಿ ತಯಾರಿಸಲು ಒಪ್ಪದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು 1953-54ರ ಹೊತ್ತಿಗೆ ಜೋಡಣೆ ನಿಲ್ಲಿಸಿ ಹೊರಟವು. ಆಮೇಲೆ ಹೊರದೇಶದ ಕಾರು ಬರುತ್ತಿದ್ದುದು ಹೆಚ್ಚಾಗಿ ರಾಯಭಾರ ಕಚೇರಿಗಳ ಮೂಲಕ. ಕಾರೇ ಬಾರದ ಮೇಲೆ ಅದರ ಬಿಡಿಭಾಗವಾಗಲಿ ಪುಸ್ತಕವಾಗಲಿ ಬರುವ ದಾರಿ ಇರಲಿಲ್ಲ. ಆದರೆ ಇದೇ ಬಿಗಿಯಿಂದಾಗಿ ಎರಡು ಬ್ರಿಟಿಷ್ ಕಾರುಗಳು ಭಾರತದಲ್ಲಿ ಬೇರುಬಿಟ್ಟವು. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಮೋರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯನ್ನು 1957-58ರಲ್ಲಿ ಅಂಬಾಸಡರ್ ಎಂದು ಹೊರತಂದಿತು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಹೊರತಂದಿತು.

ಅಂಬಾಸಡರಿಗೆ ಮೊದಲು ಹಾಕಿದ್ದು ಪಕ್ಕವಾಲ್ವಿನ ಹಳೆಯ ಎಂಜಿನ್ನು. 1959ರ ಹೊತ್ತಿಗೆ 1489 ಸಿಸಿಯ ಬಿ-ಸೀರೀಸ್ ಎಂಜಿನ್ನು ಬಂತು. ಅದರ ಬೋರು 73.025 ಮಿಲಿಮೀಟರ್, ಸ್ಟ್ರೋಕು 88.9 ಮಿಲಿಮೀಟರ್. ಮೊದಲ ಎಂಜಿಎ ಕಾರಿನ ಅಳತೆಯೂ ಇದೇ. 1962ರ ಎಂಜಿಬಿ ಕಾರಿಗೆ ಬೋರು ದೊಡ್ಡದಾಗಿ 1798 ಸಿಸಿ ಆಯಿತೇ ಹೊರತು ಸ್ಟ್ರೋಕು ಬದಲಾಗಲಿಲ್ಲ. ಎಂಜಿಎಗೆ ಎರಡು ಎಸ್‌ಯು ಕಾರ್ಬೊರೇಟರ್, ಹೆಚ್ಚಿನ ಕಂಪ್ರೆಷನ್. ಅಂಬಾಸಡರಿಗೆ ಒಂದೇ ಕಾರ್ಬೊರೇಟರ್, ಹಗುರವಾದ ದುಡಿಮೆ. ಟೈಮಿಂಗ್ ಚೈನು, ರಾಕರ್ ಶಾಫ್ಟು, 1-3-4-2 ಎಂಬ ಫೈರಿಂಗ್ ಕ್ರಮ ಎರಡರಲ್ಲೂ ಒಂದೇ. ಕೊಬ್ಬರಿ ಮಂಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಅಂಬಾಸಡರಿನ ಹೆಡ್ಡು ಇಳಿಸಿದ ಕೈಗೆ ಎಂಜಿಎ ಎಂಜಿನ್ನು ಹೊಸದಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಂಜಿನ್ ಕೆಲಸದ ಪರಂಪರೆ ಕಾರಿನಿಂದ ಶುರುವಾದದ್ದಲ್ಲ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಯ ಮೇಲೆ ಹರಿಹರಕ್ಕೆ ಹೋಗುವ ರೈಲುದಾರಿ 1889ಕ್ಕೆ ಪೂರ್ತಿಯಾಗಿತ್ತು. ತಿಪಟೂರು ಉಂಡೆ ಕೊಬ್ಬರಿಯ ದೊಡ್ಡ ಪೇಟೆಯಾಗಿ ಬೆಳೆದು ಉತ್ತರ ಭಾರತಕ್ಕೆ ಸರಕು ಕಳಿಸತೊಡಗಿತು. ರೈಲು ಮುಟ್ಟದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೊಬ್ಬರಿ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಬರಬೇಕಿತ್ತು. ಬೆಂಗಳೂರು-ಹೊನ್ನಾವರ ರಸ್ತೆ, ಜನರ ಬಾಯಲ್ಲಿ ಬಿ.ಎಚ್. ರಸ್ತೆ, ತಿಪಟೂರಿನ ನಡುವೆಯೇ ಹಾದುಹೋಗುತ್ತದೆ. ಲಾರಿ, ಬಸ್ಸು ಓಡುವ ಇಂಥ ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ಡಿನ ಗ್ಯಾರೇಜು, ಲೇತು, ಟಿಂಕರಿಂಗ್, ಬ್ಯಾಟರಿ ಅಂಗಡಿ ಹುಟ್ಟುವುದು ಸಹಜ.

ಅದಕ್ಕಿಂತ ಒಳಗೆ, ತೋಟದ ಬಾವಿಯ ದಂಡೆಯಲ್ಲಿ ಡೀಸೆಲ್ ಎಂಜಿನ್ನಿತ್ತು. ಪಂಪ್‌ಸೆಟ್ಟಿಗೆ ಕರೆಂಟು ಬರುವವರೆಗೆ ಬಾವಿಯ ನೀರೆತ್ತಲು ಕಪಿಲೆಯ ನಂತರ ಸಿಕ್ಕ ಆಸರೆ ಅದೇ. ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಕಂಪನಿಯ ನಿಮಿಷಕ್ಕೆ 600-650 ಸುತ್ತಿನ ನಿಧಾನದ ಎಂಜಿನ್ನು ಇಡೀ ದೇಶಕ್ಕೆ ಮಾದರಿಯಾಯಿತು. ರಾಜಕೋಟೆಯಲ್ಲಿ ಅದರ ನಕಲುಗಳು ಇಂದಿಗೂ ತಯಾರಾಗುತ್ತವೆ. ಲಿಸ್ಟರಿನ ಬೋಲ್ಟುಗಳು ವಿಟ್ವರ್ತ್ ಅಳತೆಯವು. ಜೋಸೆಫ್ ವಿಟ್ವರ್ತ್ 1841ರಲ್ಲಿ ಗೊತ್ತುಮಾಡಿದ, 55 ಡಿಗ್ರಿ ಕೋನದ ಮರೆಯುಳ್ಳ ಬೋಲ್ಟು ಅದು. ಸ್ಪ್ಯಾನರಿನ ಮೇಲೆ ಬರೆದಿರುವ ಸಂಖ್ಯೆ ಬೋಲ್ಟಿನ ಕಂಬದ ಅಳತೆಯೇ ಹೊರತು ಸ್ಪ್ಯಾನರಿನ ಬಾಯಿಯದಲ್ಲ. ಇದು ಗೊತ್ತಿಲ್ಲದವರು ಬೋಲ್ಟಿನ ಮೂಲೆ ಉರುಟುಮಾಡುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್, ಕೆನಡಾ, ಅಮೆರಿಕಗಳು 60 ಡಿಗ್ರಿಯ ಯೂನಿಫೈಡ್ ಮರೆಗೆ ಒಪ್ಪಿದವು. 1950ರ ದಶಕದಿಂದ ಬ್ರಿಟಿಷ್ ಕಾರುಗಳು ಕ್ರಮೇಣ ಅದಕ್ಕೆ ಹೊರಳಿದವು. ಹೀಗಾಗಿ ಹಳೆಯ ಗ್ಯಾರೇಜಿನ ಪೆಟ್ಟಿಗೆಯಲ್ಲಿ ತೋಟದ ಎಂಜಿನ್ನಿಗೆ ವಿಟ್ವರ್ತ್, ಅಂಬಾಸಡರಿಗೆ ಅರ್ಧ ಇಂಚು, ಒಂಬತ್ತು-ಹದಿನಾರು ಎಂದು ಬಾಯಳತೆಯ ಸ್ಪ್ಯಾನರು, ಲಾರಿಗೆ ಮಿಲಿಮೀಟರಿನದು, ಹೀಗೆ ಮೂರು ಬಗೆ ಕೂಡಿರುತ್ತಿದ್ದವು. ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಕೆಲಸಕ್ಕೆ ಬೇಕಾದ ಮೊದಲ ತಿಳಿವಳಿಕೆಯೇ ಇದು. 1945ರಿಂದ 1949ರವರೆಗೆ ಸುಮಾರು 10,000ದಷ್ಟು ತಯಾರಾದ ಎಂಜಿ ಟಿಸಿ ಕಾರನ್ನು ನೋಡಿದರೆ ಸಾಕು: ಅದರ 1250 ಸಿಸಿ ಎಂಜಿನ್ನಿನ ಬೋಲ್ಟಿನ ಮರೆ ಮೆಟ್ರಿಕ್, ತಲೆ ವಿಟ್ವರ್ತ್. ಆ ಎಂಜಿನ್ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದಾಗಿದ್ದುದರಿಂದ ಉಳಿದುಬಂದ ಪದ್ಧತಿ ಅದು. ಪುಸ್ತಕ ನೋಡದೆ ಅಂಗಡಿಯ ಬೋಲ್ಟು ತಂದು ತಿರುಗಿಸಿದರೆ ಬ್ಲಾಕಿನ ಮರೆಯೇ ಕಿತ್ತುಹೋಗುತ್ತದೆ.

ಟಿಸಿಯಂಥ ಯುದ್ಧಕಾಲದ ಆಸುಪಾಸಿನ ಕಾರಿಗೆ ಇಂದಿಗೂ ಮೊದಲು ಹೆಸರಿಸುವ ಪುಸ್ತಕ ಡಬ್ಲ್ಯು. ಇ. ಬ್ಲೋವರ್ ಬರೆದ ಎಂಜಿ ವರ್ಕ್‌ಶಾಪ್ ಮ್ಯಾನ್ಯುಯಲ್. 1929ರ ಎಂ-ಟೈಪಿನಿಂದ ಟಿಎಫ್ 1500ರವರೆಗಿನ ಎಲ್ಲ ಎಂಜಿಗಳೂ ಒಂದೇ ಸಂಪುಟದಲ್ಲಿ ಸೇರಿವೆ. ವಿವರಣೆ ದಟ್ಟ, ಚಿತ್ರ ಕಡಿಮೆ. ಕೆಲಸ ಅರ್ಧ ಗೊತ್ತಿರುವವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ, ಹೊಸಬರಿಗೆ ಕಷ್ಟ.

ಕಾರ್ಖಾನೆಗಳು ತಾವೇ ಹೊರಡಿಸುತ್ತಿದ್ದ ಪುಸ್ತಕಗಳಲ್ಲಿ ಡ್ರೈವರ್ಸ್ ಹ್ಯಾಂಡ್‌ಬುಕ್ ಕಾರಿನ ಜೊತೆಗೇ ಬರುತ್ತಿತ್ತು. ಎಣ್ಣೆಯ ಬಗೆ, ಟೈರಿನ ಗಾಳಿ, ಟ್ಯಾಪೆಟ್ ಸಂದು, ಪಾಯಿಂಟಿನ ಸಂದು ಅದರಲ್ಲಿರುತ್ತವೆ. ಅಂದಿನ ಹ್ಯಾಂಡ್‌ಬುಕ್ಕುಗಳು ಮಾಲೀಕನೇ ಟ್ಯಾಪೆಟ್ ಸರಿಮಾಡಿಕೊಳ್ಳುತ್ತಾನೆಂದು ನಂಬಿ ಬರೆದವು, ಆದ್ದರಿಂದ ತೆಳ್ಳಗಿದ್ದರೂ ಗಟ್ಟಿ. ವರ್ಕ್‌ಶಾಪ್ ಮ್ಯಾನ್ಯುಯಲ್ ಡೀಲರುಗಳ ಗ್ಯಾರೇಜಿಗೆ ಮೀಸಲು. ಎಂಜಿಎಗೆ ಎಕೆಡಿ 600, ಎಂಜಿಬಿಗೆ ಎಕೆಡಿ 3259 ಎಂಬ ಸಂಖ್ಯೆಯಲ್ಲಿ ಇವು ಪ್ರಸಿದ್ಧ. ಎಷ್ಟು ಬಿಗಿಯಬೇಕು, ಎಷ್ಟು ಸವೆದರೆ ಬದಲಿಸಬೇಕು ಎಂಬ ಲೆಕ್ಕಕ್ಕೆ ಇವೇ ಅಂತಿಮ ಪ್ರಮಾಣ. ಎಂಜಿಬಿಯ ಹೆಡ್ಡಿನ ನಟ್ಟುಗಳನ್ನು 45ರಿಂದ 50 ಪೌಂಡ್-ಅಡಿ ಬಿಗಿಯಬೇಕೆಂದೂ ನಡುವಿನಿಂದ ಹೊರಕ್ಕೆ ಸುತ್ತುತ್ತ ಬಿಗಿಯಬೇಕೆಂದೂ ಕಲಿಸುವುದು ಅವೇ. ಆದರೆ ಅವನ್ನು ಬರೆದವರ ಕಣ್ಣೆದುರು ಇದ್ದದ್ದು ತರಬೇತಾದ ಕೆಲಸಗಾರ, ಸಜ್ಜಾದ ವರ್ಕ್‌ಶಾಪು. ಪುಟಪುಟಕ್ಕೂ 18ಜಿ ಎಂದು ಆರಂಭವಾಗುವ ವಿಶೇಷ ಸಾಮಾನಿನ ಸಂಖ್ಯೆ ಬರುತ್ತದೆ. ಬೇರಿಂಗ್ ಎಳೆಯಲು ಒಂದು, ಬುಷ್ ಕೂರಿಸಲು ಇನ್ನೊಂದು. ತಿಪಟೂರಿನಂಥ ಊರಿನಲ್ಲಿ ಅವು ಸಿಗುವ ಮಾತಿರಲಿಲ್ಲ. ಹಳೆಯ ಸಾಕೆಟ್ಟು, ಉದ್ದ ಬೋಲ್ಟು, ಎರಡು ತುಂಡು ಪೈಪು ಇಟ್ಟುಕೊಂಡು ಲೇತಿನವರಿಂದ ಪುಲ್ಲರ್ ಮಾಡಿಸಿಕೊಳ್ಳುವುದೇ ಊರಿನ ದಾರಿ.

ಮೂರನೆಯದು ಪಾರ್ಟ್ಸ್ ಲಿಸ್ಟ್. ಹೆಚ್ಚಿನವರು ಇದನ್ನು ಬರೀ ಬೆಲೆಪಟ್ಟಿಯೆಂದು ಬಿಡುತ್ತಾರೆ, ಅದು ತಪ್ಪು. ಪ್ರತಿ ಜೋಡಣೆಯನ್ನೂ ಬಿಡಿಸಿ ಹರಡಿದ ಚಿತ್ರ ಅದರಲ್ಲಿದೆ. ವಾಷರ್ ಮೊದಲೋ ಸ್ಪ್ರಿಂಗು ಮೊದಲೋ ಎಂಬ ಸಂಶಯ ಬಂದಾಗ ವರ್ಕ್‌ಶಾಪ್ ಮ್ಯಾನ್ಯುಯಲಿನ ಒಂದು ಪುಟಕ್ಕಿಂತ ಈ ಒಂದು ಚಿತ್ರ ಬೇಗ ಉತ್ತರ ಕೊಡುತ್ತದೆ. ಯಾವ ಎಂಜಿನ್ ಸಂಖ್ಯೆಯಿಂದ ಯಾವ ಭಾಗ ಬದಲಾಯಿತೆಂಬುದೂ ಅಲ್ಲಿಯೇ ಸಿಗುತ್ತದೆ. ಎಂಜಿಬಿಯ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟು 1964ರ ಅಕ್ಟೋಬರ್‌ವರೆಗೆ ಮೂರು ಮೇನ್ ಬೇರಿಂಗಿನದು, ಆಮೇಲೆ ಐದರದು. 18ಜಿಬಿ ಎಂಬ ಎಂಜಿನ್ ಗುರುತು ಕಂಡರೆ ಐದು. 1967ರ ಕೊನೆಯಲ್ಲಿ ಫಸ್ಟ್ ಗೇರಿಗೂ ಸಿಂಕ್ರೊ ಬಂತು. ಹೆಸರು ಒಂದೇ ಆದರೂ ಒಳಗಿನ ಕಾರು ಬೇರೆ. ಆದ್ದರಿಂದ ಪುಸ್ತಕ ಕೊಳ್ಳುವ ಮುನ್ನ ಜಿಎಚ್‌ಎನ್3, ಜಿಎಚ್‌ಎನ್4, ಜಿಎಚ್‌ಎನ್5 ಎಂದು ಕಾರಿನ ಫಲಕದಲ್ಲಿ ಹೊಡೆದಿರುವ ಗುರುತನ್ನೂ ಬ್ಲಾಕಿನ ಮೇಲಿನ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಭಾರತದಲ್ಲಿ ಉಳಿದಿರುವ ಕಾರುಗಳಿಗೆ ಎಷ್ಟೋ ಸಲ ಬೇರೆ ಎಂಜಿನ್ನು ಕೂತಿರುತ್ತದೆ. ಫಲಕ ಒಂದು ಹೇಳಿದರೆ ಬ್ಲಾಕು ಇನ್ನೊಂದು ಹೇಳುತ್ತದೆ. ಆಗ ಎರಡಕ್ಕೂ ಪುಸ್ತಕ ಬೇಕು.

ಮನೆಯಲ್ಲಿ ಕೆಲಸ ಮಾಡಿಕೊಳ್ಳುವವರಿಗೆ ಪುಸ್ತಕ ಬರೆದು ಹೆಸರಾದವರು ಜಾನ್ ಹೇನ್ಸ್. 1938ರಲ್ಲಿ ಸಿಲೋನಿನಲ್ಲಿ ಹುಟ್ಟಿ ಅಲ್ಲಿಯ ಚಹಾ ತೋಟದ ನಡುವೆ ಬೆಳೆದವರು. ಇಂಗ್ಲೆಂಡಿನ ಶಾಲೆಯಲ್ಲಿದ್ದಾಗಲೇ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಸ್ಪೋರ್ಟ್ಸ್ ಕಾರಾಗಿ ಕಟ್ಟಿ, ಕಟ್ಟಿದ ಬಗೆಯನ್ನು 1956ರಲ್ಲಿ ಕಿರುಪುಸ್ತಕವಾಗಿ ಮಾರಿದರು. ವಾಯುಪಡೆಯ ಕೆಲಸದಲ್ಲಿ ಏಡನ್ನಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟಿನ ಎಂಜಿನ್ ಕಟ್ಟಿಕೊಡಬೇಕಾಗಿ ಬಂತು. ಕಾರ್ಖಾನೆಯ ಮ್ಯಾನ್ಯುಯಲ್ ಸಾಮಾನ್ಯನಿಗೆ ನೆರವಾಗುವಂತಿಲ್ಲ ಎನಿಸಿ, ಬಿಚ್ಚುವಾಗ ಕಟ್ಟುವಾಗ ಹೆಜ್ಜೆಹೆಜ್ಜೆಗೆ ಫೋಟೊ ತೆಗೆಯುತ್ತ ಹೋದರು. 1966ರಲ್ಲಿ ಬಂದ ಆ ಪುಸ್ತಕದ 3,000 ಪ್ರತಿಗಳು ಮೂರು ತಿಂಗಳೊಳಗೆ ಖರ್ಚಾದವು. ನಿಜವಾದ ಕಾರನ್ನು ಪೂರ್ತಿ ಬಿಚ್ಚಿ ಕಟ್ಟಿಯೇ ಬರೆಯುವುದು ಆ ಪ್ರಕಾಶನದ ಶಿಸ್ತಾಯಿತು. ಹೇನ್ಸ್ 2019ರಲ್ಲಿ ತೀರಿಕೊಂಡರು.

ಹೇನ್ಸ್ ಪುಸ್ತಕದ ಹೆಗ್ಗಳಿಕೆ ಎಂದರೆ ಅದು ವಿಶೇಷ ಸಾಮಾನಿಲ್ಲದ ಮನೆಯ ಶೆಡ್ಡನ್ನು ಒಪ್ಪಿಕೊಂಡೇ ಆರಂಭಿಸುತ್ತದೆ. ಈ ದೃಷ್ಟಿಯಿಂದ ಕಾರ್ಖಾನೆಯ ಗ್ರಂಥಕ್ಕಿಂತ ಅದು ತೆಂಗುಸೀಮೆಯ ಗ್ಯಾರೇಜಿಗೆ ಹತ್ತಿರ. ಕೊರತೆಯೂ ಇದೆ. 18 ವರ್ಷ ತಯಾರಾದ ಎಂಜಿಬಿಯನ್ನು ಒಂದೇ ಹೊದಿಕೆಯೊಳಗೆ ತುಂಬಿದಾಗ ಯಾವ ಮಾತು ಯಾವ ವರ್ಷದ ಕಾರಿಗೆ ಸೇರಿದ್ದೆಂಬುದು ಮಸುಕಾಗುತ್ತದೆ. ಕಷ್ಟದ ಜಾಗದಲ್ಲಿ, ಬಿಚ್ಚಿದ ಕ್ರಮವನ್ನೇ ಹಿಂದುಮುಂದಾಗಿ ಅನುಸರಿಸಿ ಎಂದು ಮುಂದೆ ಹೋಗುತ್ತದೆ. ಆಟೊಬುಕ್ಸ್ ಮಾಲಿಕೆಯದೂ ಇದೇ ವರ್ಗ. ಅಮೆರಿಕದ ರಾಬರ್ಟ್ ಬೆಂಟ್ಲಿ ಪ್ರಕಾಶನ ಕಾರ್ಖಾನೆಯ ಮ್ಯಾನ್ಯುಯಲನ್ನೂ ಹ್ಯಾಂಡ್‌ಬುಕ್ಕನ್ನೂ ಒಟ್ಟುಗೂಡಿಸಿ ಹೊರತಂದಿದೆ. ಬ್ರೂಕ್‌ಲ್ಯಾಂಡ್ಸ್ ಪ್ರಕಾಶನ ಕಾರ್ಖಾನೆಯ ಮೂಲ ಪುಸ್ತಕಗಳನ್ನೇ ಮರುಮುದ್ರಿಸಿದೆ. ಒಂದೇ ಪುಸ್ತಕಕ್ಕೆ ಹಣವಿದ್ದರೆ ಕಾರ್ಖಾನೆಯದರ ಮರುಮುದ್ರಣ ಕೊಳ್ಳುವುದು ಮೇಲು, ಎರಡಕ್ಕಿದ್ದರೆ ಪಾರ್ಟ್ಸ್ ಲಿಸ್ಟು, ಮೂರನೆಯದು ಹೇನ್ಸ್. ಕೈಕೆಲಸವೇ ಹೊಸತಾದವರು ಮಾತ್ರ ಈ ಕ್ರಮವನ್ನು ತಿರುಗುಮುರುಗು ಮಾಡಿ ಹೇನ್ಸಿನಿಂದ ತೊಡಗಬಹುದು.

ಅಂಬಾಸಡರಿನ ಅನುಭವ ಎಲ್ಲಿಯವರೆಗೆ ಒದಗುತ್ತದೆ, ಎಲ್ಲಿಂದ ಪುಸ್ತಕ ಬೇಕೇ ಬೇಕು ಎಂಬುದನ್ನು ಟ್ಯಾಪೆಟ್ ಕೆಲಸ ಚೆನ್ನಾಗಿ ತೋರಿಸುತ್ತದೆ. ಎಂಟನೆಯ ವಾಲ್ವು ಪೂರಾ ಒತ್ತಿದಾಗ ಒಂದನೆಯದರ ಸಂದು ನೋಡಬೇಕು. ಏಳನೆಯದು ಒತ್ತಿದಾಗ ಎರಡನೆಯದರದು. ಆರಕ್ಕೆ ಮೂರು, ಐದಕ್ಕೆ ನಾಲ್ಕು. ಕೂಡಿದರೆ ಯಾವಾಗಲೂ ಒಂಬತ್ತು. ಈ ಲೆಕ್ಕ ಅಂಬಾಸಡರಿಗೂ ಎಂಜಿಗೂ ಒಂದೇ. ಆದರೆ ಸಂದು ಎಷ್ಟೆಂಬುದು ಒಂದೇ ಅಲ್ಲ. ಎಂಜಿಎ 1500ಕ್ಕೆ ಎಂಜಿನ್ ಬಿಸಿಯಿರುವಾಗ ಇಂಚಿನ ಸಾವಿರದಲ್ಲಿ 17 ಭಾಗ, ಎಂಜಿಬಿಗೆ ತಣ್ಣಗಿರುವಾಗ 15 ಭಾಗ, ಅಂದರೆ 0.38 ಮಿಲಿಮೀಟರ್. ಕ್ರಮವನ್ನು ಕೈ ನೆನಪಿಡುತ್ತದೆ, ಅಂಕಿಯನ್ನು ಪುಸ್ತಕವೇ ಹೇಳಬೇಕು. ಎಂಜಿನ್ ಬಿಟ್ಟು ಕೆಳಗಿಳಿದರೆ ನೆಂಟಸ್ತಿಕೆ ಇನ್ನೂ ತೆಳುವಾಗುತ್ತದೆ. ಅಂಬಾಸಡರಿನ ಮುಂಭಾಗ ಹೊತ್ತದ್ದು ಟಾರ್ಷನ್ ಬಾರು, ಎಂಜಿಎಯದು ಕಾಯಿಲ್ ಸ್ಪ್ರಿಂಗು.

ಹೆರಾಲ್ಡಿನ ವಿಷಯದಲ್ಲಿ ಪುಸ್ತಕದ ಬೆಲೆ ಇನ್ನೂ ಸ್ಪಷ್ಟ. ಭಾರತದ ಹೆರಾಲ್ಡಿಗೆ ಇದ್ದದ್ದು 948 ಸಿಸಿ ಎಂಜಿನ್ನು, ಮೊದಲ ಸ್ಪಿಟ್‌ಫೈರಿಗೆ 1147 ಸಿಸಿ. ಎರಡಕ್ಕೂ ಸ್ಟ್ರೋಕು 76 ಮಿಲಿಮೀಟರೇ. ಟ್ರಯಂಫ್ ಕಾರ್ಖಾನೆ ಹೆರಾಲ್ಡ್, ವಿಟೆಸ್, ಸ್ಪಿಟ್‌ಫೈರ್ ಮೂರಕ್ಕೂ ಸೇರಿಸಿ ಮ್ಯಾನ್ಯುಯಲ್ ಹೊರಡಿಸಿತ್ತು. ಮುಂದಿನ ಚಕ್ರಗಳು ತಿರುಗುವ ಟ್ರನಿಯನ್ ಎಂಬ ಕಂಚಿನ ಭಾಗಕ್ಕೆ ಗೇರ್ ಆಯಿಲ್ ಹಾಕಬೇಕು, ಗ್ರೀಸ್ ಅಲ್ಲ ಎಂದು ಅದು ಹೇಳುತ್ತದೆ. ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಗನ್ ಹಿಡಿಯುವುದು ಗ್ಯಾರೇಜಿನ ರೂಢಿ. ಗ್ರೀಸು ಮರೆಯೊಳಕ್ಕೆ ಇಳಿಯದೆ, ನೀರು ನಿಂತು, ತುಕ್ಕು ಹಿಡಿದ ಕಂಬ ಓಡುತ್ತಿರುವಾಗಲೇ ಮುರಿದು ಚಕ್ರ ಮಗುಚಿದ ಪ್ರಸಂಗಗಳು ಈ ಜಾತಿಯ ಕಾರುಗಳ ದೊಡ್ಡ ಅಪಖ್ಯಾತಿ. ಒಂದು ಸಾಲು ಓದಿದ್ದರೆ ತಪ್ಪುತ್ತಿದ್ದ ಅಪಾಯ ಇದು. ಅತ್ತ ಮದ್ರಾಸಿನ ಕಾರ್ಖಾನೆ ಹೆರಾಲ್ಡಿಗೆ ನಾಲ್ಕು ಬಾಗಿಲಿಟ್ಟು, ಮುಂದೆ 1970ರ ದಶಕದ ಗೆಜೆಲ್ ಮಾದರಿಯಲ್ಲಿ ಹಿಂದಿನ ಆಕ್ಸಲನ್ನೇ ಬದಲಿಸಿತು. ಅಲ್ಲಿ ಇಂಗ್ಲೆಂಡಿನ ಪುಸ್ತಕ ನಡೆಯದು.

ಕರೆಂಟಿನ ಕೆಲಸದಲ್ಲಿ ಆಗುವ ಅನಾಹುತ ಬೇರೆ ಬಗೆಯದು. 1960ರ ದಶಕದ ಮಧ್ಯದವರೆಗೆ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕೊನೆಯೇ ಬಾಡಿಗೆ ಅರ್ತು. ಎಂಜಿಬಿ ನೆಗೆಟಿವ್ ಅರ್ತಿಗೆ ಬಂದದ್ದು 1967ರ ಕೊನೆಯಲ್ಲಿ, ಡೈನಮೋ ಹೋಗಿ ಆಲ್ಟರ್ನೇಟರ್ ಬಂದಾಗ. ಹೊಸ ರೇಡಿಯೊ ಅಥವಾ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಮುನ್ನ ಇದನ್ನು ನೋಡದಿದ್ದರೆ ಕ್ಷಣದಲ್ಲಿ ಸುಡುತ್ತದೆ. ತಂತಿಗಳಿಗೆ ಬ್ರಿಟಿಷರು ಬಣ್ಣದ ಕಟ್ಟಳೆ ಮಾಡಿದ್ದರು: ಕಂದು ನೇರ ಬ್ಯಾಟರಿಯಿಂದ, ಬಿಳಿ ಇಗ್ನಿಷನ್ ಕೀಲಿಯಿಂದ, ಹಸಿರು ಫ್ಯೂಸಿನ ಆಚೆಗೆ, ನೀಲಿ ಹೆಡ್‌ಲೈಟಿಗೆ, ಕೆಂಪು ಪಕ್ಕದ ದೀಪಕ್ಕೆ, ಕಪ್ಪು ಅರ್ತಿಗೆ. ಹಲವು ಕೈ ದಾಟಿದ ಕಾರಿನಲ್ಲಿ ಈ ಬಣ್ಣಗಳು ಉಳಿದಿರುವುದು ಅಪರೂಪ, ಆದ್ದರಿಂದ ಆಯಾ ವರ್ಷದ ವೈರಿಂಗ್ ನಕ್ಷೆಯನ್ನೇ ಹುಡುಕಿ ಇಟ್ಟುಕೊಳ್ಳಬೇಕು.

ಅಂಬಾಸಡರಿನ ಕಥೆ ಮುಂದೆ ಬೇರೆ ದಾರಿ ಹಿಡಿಯಿತು. 1980ರ ಹೊತ್ತಿಗೆ ಅದೇ ಬಿ-ಸೀರೀಸಿನ 1489 ಸಿಸಿ ಡೀಸೆಲ್ ಎಂಜಿನ್ ಬಂದು ಟ್ಯಾಕ್ಸಿಗಳೆಲ್ಲ ಅದರತ್ತ ವಾಲಿದವು. 1990ರ ದಶಕದ ಆರಂಭದಲ್ಲಿ ಇಸುಜುವಿನ 1800 ಸಿಸಿ ಪೆಟ್ರೋಲ್ ಎಂಜಿನ್ ಬಂತು. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ಅಂಬಾಸಡರ್ ತಯಾರಿಕೆ ನಿಲ್ಲಿಸಿತು. ಪೆಟ್ರೋಲಿನ ಬಿ-ಸೀರೀಸ್ ಬಿಚ್ಚಿ ಕಟ್ಟುತ್ತಿದ್ದ ಮೇಸ್ತ್ರಿಗಳ ತಲೆಮಾರಿಗೆ ಈಗ ಕೆಲಸದಿಂದ ನಿವೃತ್ತಿಯ ಕಾಲ. ಗ್ಯಾರೇಜಿನಲ್ಲಿ ಹುಡುಗನಾಗಿ ಸೇರಿ, ಡೀಸೆಲಿನಲ್ಲಿ ಬೋಲ್ಟು ತೊಳೆಯುತ್ತ, ನೋಡಿ ನೋಡಿ ಕಲಿತವರು ಅವರು. ವಾಲ್ವು ಗ್ರೈಂಡಿಂಗ್ ಸಾಕೆಂದು ಸದ್ದಿನಿಂದ ತಿಳಿಯುವುದು, ಎಸ್‌ಯು ಕಾರ್ಬೊರೇಟರಿನ ಪಿಸ್ಟನ್ನು ಮೆಲ್ಲಗೆ ಎತ್ತಿ ಎಂಜಿನ್ನಿನ ಓಟ ಏರುವುದೋ ಇಳಿಯುವುದೋ ನೋಡಿ ಪೆಟ್ರೋಲಿನ ಹದ ಹೇಳುವುದು, ಸವೆದ ಬುಷ್ಷಿಗೆ ಬದಲು ಲೇತಿನಲ್ಲಿ ಕಡೆಸುವುದು ಅವರಿಗೆ ಗೊತ್ತು. ಇಂಗ್ಲಿಷಿನಲ್ಲಿ ಈ ಎಂಜಿನ್ನಿನ ಮೇಲೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಅವು ಹೇಳದ್ದು ಇವರ ಕೈಯಲ್ಲಿದೆ: ಮೂಲ ಭಾಗ ಸಿಗದ ಊರಿನಲ್ಲಿ ಅದೇ ಎಂಜಿನ್ನನ್ನು ಹಲವು ದಶಕ ಓಡಿಸಿದ ಬಗೆ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಜತನದಿಂದ ಕಾಪಾಡಲಾಗಿದೆ; ಬೆಂಗಳೂರಿನಲ್ಲಿ ಹಳೆಯ ಕಾರುಗಳ ಆಸಕ್ತರಿದ್ದಾರೆ. ಕಾರು ಉಳಿದರೆ ಸಾಲದು, ಅದನ್ನು ಓಡುವಂತೆ ಇಡುವ ವಿದ್ಯೆಯೂ ಉಳಿಯಬೇಕು. ಎಂಜಿ ಅಥವಾ ಟ್ರಯಂಫ್ ಇಟ್ಟುಕೊಂಡವರು ಕಾರ್ಖಾನೆಯ ಮ್ಯಾನ್ಯುಯಲ್ ತರಿಸಿಕೊಂಡ ಮೇಲೆ ಅಂಬಾಸಡರ್, ಹೆರಾಲ್ಡ್ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋಗಲಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಅಳತೆ ಮತ್ತು ಫೋಟೊ ಸಮೇತ, ಕನ್ನಡದಲ್ಲಿ ಬರೆದಿಡಲಿ. ಆ ಪುಸ್ತಕವನ್ನು ಇಂಗ್ಲೆಂಡಿನ ಯಾವ ಪ್ರಕಾಶಕರೂ ಹೊರತರಲಾರರು.